ಸಾದಾ, ಚಿಟಿಕೆ, ಚಮಚ, ಸೌಟು

ನನ್ನ ಗಂಡನನ್ನು ನಮ್ಮ ಲ್ಯಾಬಿನಲ್ಲಿ ಎಲ್ಲರೂ ಗಡಿಯಾರ ಎನ್ನುತ್ತಾರೆ. ಬೆಳಿಗ್ಗೆ ಅವನು ಬಾಗಿಲು ತಳ್ಳಿದ ಸದ್ದು ಕೇಳಿ ಉಳಿದವರು ಕೈಗಡಿಯಾರ ಸರಿ ಮಾಡಿಕೊಳ್ಳುತ್ತಾರೆ ಎಂಬುದು ಅಲ್ಲಿನ ಹಳೆಯ ತಮಾಷೆ. ನನ್ನನ್ನು ಎಡಚಿ ಎನ್ನುತ್ತಾರೆ. ನಾನು ಎಡಗೈಯಲ್ಲಿ ಬರೆಯುತ್ತೇನೆ, ಎಡಗೈಯಲ್ಲಿ ಪಿಪೆಟ್ ಹಿಡಿಯುತ್ತೇನೆ, ಸಿಟ್ಟು ಬಂದರೆ ಎಡಗೈಯಲ್ಲೇ ಮೇಜು ಗುದ್ದುತ್ತೇನೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಖುಷಿಯೂ ಅಷ್ಟೇ ಹತ್ತಿರದಲ್ಲಿರುತ್ತದೆ. ಈ ಸಲ ಎರಡಕ್ಕೂ ಕೈತುಂಬ ಕೆಲಸ ಬಿತ್ತು.

ನಾವಿಬ್ಬರೂ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಹಾಗಾಗಿ ಲ್ಯಾಬಿನಲ್ಲಿ ನಾನು ಅವನನ್ನು ‘ನೀನು’ ಎನ್ನುತ್ತೇನೆ. ಮನೆಯಲ್ಲಿ ಅತ್ತೆಯ ಕಿವಿಗೆ ಅದು ಹಿತವಲ್ಲವೆಂದು ‘ರೀ’, ‘ನೀವು’. ಸಂಜೆ ಬಸ್ಸಿಳಿದು ನಮ್ಮ ಬೀದಿಯ ಔಷಧಿ ಅಂಗಡಿ ದಾಟಿದ ಕೂಡಲೇ ನನ್ನ ನಾಲಿಗೆ ತಾನಾಗಿಯೇ ಬಟ್ಟೆ ಬದಲಾಯಿಸುತ್ತದೆ ಎಂದು ಅವನು ಅಣಕಿಸುತ್ತಾನೆ.

ನಮ್ಮ ಹೊಟ್ಟೆಪಾಡು ಎಂಥದ್ದೆಂದು ಮೊದಲೇ ಹೇಳಿಬಿಡುತ್ತೇನೆ. ಮೇದೋಜೀರಕ ಗ್ರಂಥಿಯೊಳಗೆ ಅಲ್ಲಲ್ಲಿ ಜೀವಕೋಶಗಳ ಪುಟ್ಟ ಪುಟ್ಟ ಉಂಡೆಗಳಿರುತ್ತವೆ. ಪುಸ್ತಕದಲ್ಲಿ ಅವಕ್ಕೆ ದ್ವೀಪಗಳೆಂದು ಹೆಸರು; ನಾವು ಕಾಳು ಎನ್ನುತ್ತೇವೆ. ಒಂದೊಂದೂ ಪುಡಿ ಉಪ್ಪಿನ ಹರಳಿಗಿಂತ ಚಿಕ್ಕದು. ರಕ್ತದಲ್ಲಿ ಸಕ್ಕರೆ ಏರಿತೋ, ಈ ಕಾಳುಗಳು ಇನ್ಸುಲಿನ್ ಬಿಡಬೇಕು, ಸಕ್ಕರೆ ಇಳಿಯಬೇಕು. ಆದರೆ ಮೈಯಲ್ಲಿ ಜ್ವರವೋ ಗಾಯವೋ ಬೊಜ್ಜೋ ಏನಾದರೊಂದು ಉರಿಯೂತ ಎದ್ದಾಗ ರಕ್ಷಣೆಯ ಕೋಶಗಳು ಒಂದನ್ನೊಂದು ಕೂಗಿ ಕರೆಯುತ್ತವೆ. ಆ ಕೂಗು ಒಂದು ಜಾತಿಯ ಪ್ರೋಟೀನು, ಅದನ್ನು ಸೈಟೊಕೈನ್ ಎನ್ನುತ್ತಾರೆ. ಆ ಕೂಗು ಕಾಳುಗಳ ಕಿವಿಗೂ ಬೀಳುತ್ತದೆ. ಬಿದ್ದ ಮೇಲೆ ಅವು ಇನ್ಸುಲಿನ್ ಬಿಡುವುದು ಕಡಿಮೆಯಾಗುತ್ತದೆಯೇ, ಎಷ್ಟು ಕೂಗಿಗೆ ಎಷ್ಟು ಕಡಿಮೆಯಾಗುತ್ತದೆ ಎಂದು ಅಳೆಯುವುದು ನಮ್ಮ ಕೆಲಸ.

ಅಳೆಯಲು ನಾಲ್ಕು ಬಟ್ಟಲು. ಮೊದಲನೆಯದರಲ್ಲಿ ಸೈಟೊಕೈನ್ ಇರುವುದಿಲ್ಲ, ಎರಡನೆಯದರಲ್ಲಿ ತೀರಾ ಕಡಿಮೆ, ಮೂರನೆಯದರಲ್ಲಿ ಮಧ್ಯಮ, ನಾಲ್ಕನೆಯದರಲ್ಲಿ ಧಾರಾಳ. ನಮ್ಮ ಲ್ಯಾಬಿನ ಮುಖ್ಯಸ್ಥೆಯನ್ನು ನಾವು ಬರೀ ಮೇಡಂ ಎನ್ನುತ್ತೇವೆ. ಅಡುಗೆಮನೆಗೆ ಜನ್ಮದಲ್ಲಿ ಕಾಲಿಡದ ಅವರೇ ಆ ಬಟ್ಟಲುಗಳಿಗೆ ಸಾದಾ, ಚಿಟಿಕೆ, ಚಮಚ, ಸೌಟು ಎಂದು ಹೆಸರಿಟ್ಟವರು. ಇಲಿಯ ಗ್ರಂಥಿಯಿಂದ ಬಿಡಿಸಿದ ಕಾಳುಗಳನ್ನೆಲ್ಲ ಒಂದು ದೊಡ್ಡ ಬಟ್ಟಲಿಗೆ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಟ್ಟು, ಸಣ್ಣ ಪಿಪೆಟ್ಟಿನಲ್ಲಿ ಒಂದೊಂದಾಗಿ ಹೀರಿ ಆ ನಾಲ್ಕಕ್ಕೆ ಹಂಚಬೇಕು. ಕಪ್ಪು ಹಿನ್ನೆಲೆಯ ಮೇಲೆ ಅವು ಬೆಳ್ಳಗೆ ಹೊಳೆಯುತ್ತವೆ. ಕೈ ನಡುಗಿದರೆ ಕಾಳು ಒಡೆಯುತ್ತದೆ, ತಡವಾದರೆ ಸೊರಗುತ್ತದೆ. ಈ ಆರಿಸುವ ಕೆಲಸ ಬಲ್ಲವರು ಇಡೀ ಲ್ಯಾಬಿನಲ್ಲಿ ಇಬ್ಬರೇ, ಗಡಿಯಾರ ಮತ್ತು ನಾನು.

ಗಡಿಯಾರನ ಜೀವಮಾನದ ದುಡಿಮೆ ಎಂದರೆ ಒಂದು ಗೆರೆ. ಸಾದಾ ಎಲ್ಲಕ್ಕಿಂತ ಮೇಲೆ, ಚಿಟಿಕೆ ಅದಕ್ಕಿಂತ ತುಸು ಕೆಳಗೆ, ಚಮಚ ಇನ್ನೂ ಕೆಳಗೆ, ಸೌಟು ಪಾತಾಳಕ್ಕೆ. ಉರಿಯೂತದ ಕೂಗು ಎಷ್ಟೇ ಮೆಲ್ಲಗಿದ್ದರೂ ಇನ್ಸುಲಿನ್ನಿಗೆ ಕೇಡೇ ಎಂದು ಆ ಗೆರೆ ಹೇಳುತ್ತಿತ್ತು. ಅದನ್ನು ಅವನು ಫೋನಿನಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಆಗಾಗ ತೆಗೆದು ನೋಡುತ್ತಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಾನು ಕಾಲೆಳೆದರೆ ಮುಖ ಊದಿಸಿಕೊಳ್ಳುತ್ತಿದ್ದ. ಅದಕ್ಕೊಂದು ಕಾರಣವೂ ಇತ್ತು. ಅತ್ತೆಗೆ ಸಕ್ಕರೆ ಕಾಯಿಲೆ. ನೆಗಡಿ ಜ್ವರ ಬಂದಾಗಲೆಲ್ಲ, ಊಟ ಬಿಟ್ಟು ಮಲಗಿದ್ದರೂ, ಅವರ ಸಕ್ಕರೆ ಧಗ್ಗನೆ ಏರುತ್ತಿತ್ತು. ಹುಡುಗನಾಗಿದ್ದಾಗ ಇದನ್ನು ಕಂಡೇ ಅವನು ಈ ದಾರಿ ಹಿಡಿದವನು. ತನ್ನ ಗೆರೆ ಅಮ್ಮನ ಜ್ವರಕ್ಕೆ ಉತ್ತರ ಎಂದು ಅವನು ನಂಬಿದ್ದ.

ಈಗ ಆ ಗೆರೆಯ ಮೇಲೆ ಇನ್ನೊಂದು ಭಾರ ಬಿದ್ದಿತ್ತು. ನಮ್ಮ ಕಾರಿಡಾರಿನ ಕೊನೆಯಲ್ಲಿ ಒಂದು ಖಾಲಿ ಕೋಣೆ ಇದೆ. ಒಂದು ಕುರ್ಚಿ, ಒಂದು ಸಿಂಕು, ಕಿಟಕಿಯಾಚೆ ಸೈಕಲ್ ನಿಲ್ದಾಣ. ಆ ಕೋಣೆ ಅವನಿಗೆ ಸಿಗುವುದರಲ್ಲಿತ್ತು: ಸ್ವಂತ ಲ್ಯಾಬು, ಖಾಯಂ ಕೆಲಸ. ಆಯ್ಕೆ ಸಮಿತಿಯ ಮುಂದಿನ ಸಭೆ ನಡೆಯುವುದರೊಳಗೆ ಅವನ ಪ್ರಬಂಧ ಒಳ್ಳೆಯ ಪತ್ರಿಕೆಯೊಂದರಲ್ಲಿ ಒಪ್ಪಿಗೆಯಾಗಿರಬೇಕು, ಇಷ್ಟೇ ಷರತ್ತು. ಪತ್ರಿಕೆಯವರು ಬಹುಪಾಲು ಒಪ್ಪಿಯೂ ಇದ್ದರು. ಒಂದೇ ಒಂದು ಕೇಳಿದ್ದರು: ಇದೇ ಪ್ರಯೋಗವನ್ನು ಇನ್ನೊಬ್ಬರ ಕೈಯಿಂದ ಮಾಡಿಸಿ ತೋರಿಸಿ.

ಇನ್ನೊಬ್ಬರು ಎಂದರೆ ನಾನೇ. ಅತ್ತೆಗೆ ಇದು ಕೇಳಿ ಭಾರಿ ಖುಷಿ. ಹೆಂಡತಿ ಕೈ ಹಿಡಿದರೆ ಗಂಡ ಮೇಲೆ ಬಂದ ಹಾಗೆಯೇ ಎಂದರು.

ಅಂದು ಮಧ್ಯಾಹ್ನ ಆದದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಕಾಳುಗಳು ಒಂದು ಹಗಲು ಒಂದು ರಾತ್ರಿ ಬಟ್ಟಲುಗಳಲ್ಲಿ ಕಳೆದಿದ್ದವು. ಅವಕ್ಕೆ ಸಕ್ಕರೆ ನೀರು ಕುಡಿಸಿ, ಬಿಟ್ಟ ಇನ್ಸುಲಿನ್ನನ್ನು ಹೀರಿ, ಗುಳಿಗುಳಿಯ ಪ್ಲೇಟಿಗೆ ಹಾಕಿದ್ದೆ. ಈ ಪ್ಲೇಟಿನದೊಂದು ಚೆಂದವಿದೆ: ಇನ್ಸುಲಿನ್ ಇದ್ದಷ್ಟೂ ನೀಲಿ ಏರುತ್ತದೆ, ಕೊನೆಗೆ ಒಂದು ಹನಿ ಆಮ್ಲ ಬಿದ್ದೊಡನೆ ನೀಲಿಯೆಲ್ಲ ಹಳದಿಯಾಗುತ್ತದೆ. ಗಾಢ ಹಳದಿ ಎಂದರೆ ಬಹಳ ಇನ್ಸುಲಿನ್, ತಿಳಿ ಹಳದಿ ಎಂದರೆ ಸ್ವಲ್ಪ. ಯಂತ್ರಕ್ಕೆ ಕೊಡುವ ಮೊದಲೇ ಕಣ್ಣಿಗೆ ಗೊತ್ತಾಗುತ್ತದೆ.

ಹನಿ ಬಿತ್ತು. ಸಾದಾ ಸಾಲು ತಿಳಿ ಹಳದಿ. ಅದರ ಪಕ್ಕದ ಚಿಟಿಕೆ ಸಾಲು ಸೂರ್ಯಕಾಂತಿ ಹೂವಿನಷ್ಟು ಗಾಢ.

ಪ್ಲೇಟನ್ನು ತಿರುಗಿಸಿ ಹಿಡಿದೆನೇನೋ ಎಂದು ನೋಡಿದೆ. ಇಲ್ಲ. ಯಂತ್ರಕ್ಕೆ ಕೊಟ್ಟೆ. ಯಂತ್ರವೂ ಅದನ್ನೇ ಹೇಳಿತು. ಕೂಗು ಮೆಲ್ಲಗಿದ್ದಾಗ ಕಾಳುಗಳು ಕುಗ್ಗಿರಲಿಲ್ಲ, ಮೈಕೊಡವಿ ಎದ್ದು ದುಪ್ಪಟ್ಟು ದುಡಿದಿದ್ದವು! ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕೈಗವಸು ಹಾಕಿಕೊಂಡೇ ತಣ್ಣನೆ ಪೆಟ್ಟಿಗೆಗಳ ನಡುವೆ ಒಂದು ಸುತ್ತು ಕುಣಿದೆ. ಇಂಥದ್ದು ಜೀವನದಲ್ಲಿ ಎಷ್ಟು ಸಲ ಸಿಗುತ್ತದೆ? ಎಲ್ಲರೂ ಇಲ್ಲ ಎನ್ನುವ ಕಡೆ ನಿನ್ನೊಬ್ಬಳ ಕಣ್ಣೆದುರಿಗೆ ಒಂದು ಹೌದು ಎದ್ದು ನಿಲ್ಲುವುದು ಎಂದರೆ ಸಣ್ಣ ಮಾತಲ್ಲ.

ಎರಡನೇ ಸುತ್ತು ಕುಣಿಯುವಾಗ ನೆನಪಾಯಿತು, ಇದು ಯಾರ ಗೆರೆ ಎಂದು.

ಅವನಿಗೆ ಕೂಡಲೇ ಹೇಳಲಿಲ್ಲ. ಇನ್ನೊಂದು ವಾರ ಹಿಡಿದು ಮತ್ತೆ ಮಾಡಿದೆ. ಮತ್ತೆ ಅದೇ ಸೂರ್ಯಕಾಂತಿ. ಚಮಚವೂ ಸಾದಾಕ್ಕಿಂತ ಮೇಲಿತ್ತು, ಸೌಟು ಕೂಡ ಅವನ ಗೆರೆಯಲ್ಲಿ ಬಿದ್ದಷ್ಟು ಆಳಕ್ಕೆ ಬಿದ್ದಿರಲಿಲ್ಲ. ಆಮೇಲೆ ಪ್ಲೇಟು ಅವನ ಮುಂದಿಟ್ಟೆ. ಅವನು ಅದನ್ನು ಬೆಳಕಿಗೆ ಹಿಡಿದ. ಆರಿಸುವಾಗ ಕೈ ಅಲುಗಿತಾ, ಬಟ್ಟಲು ಅದಲುಬದಲಾಯಿತಾ, ಸೈಟೊಕೈನ್ ಕರಗಿಸಿದ್ದು ಸರಿಯಿತ್ತಾ ಎಂದು ಪೊಲೀಸರ ಹಾಗೆ ವಿಚಾರಿಸಿದ. ನಾನು ಎಲ್ಲಕ್ಕೂ ಉತ್ತರ ಕೊಟ್ಟೆ. ಕೊನೆಗೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದ.

ನಾನು ಮೇಜು ಗುದ್ದಿದೆ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ನಮ್ಮದು ಉಂಡು, ಮಲಗಿ, ಎದ್ದು, ಮತ್ತೆ ಉಂಡರೂ ಮುಗಿಯಲಿಲ್ಲ. ಮಾತು ನಿಂತಿತು. ಬೆಳಿಗ್ಗೆ ಬೀಗದ ಕೈ ಎಲ್ಲಿ ಎಂದು ಅವನು ತನ್ನ ಅಮ್ಮನನ್ನು ಕೇಳುತ್ತಿದ್ದ, ನಾನು ಜೇಬಿನಲ್ಲಿದೆ ಎಂದು ಅತ್ತೆಗೆ ಹೇಳುತ್ತಿದ್ದೆ. ಎರಡು ದಿನ ಸಹಿಸಿದ ಅತ್ತೆ ಮೂರನೆಯ ದಿನ, ತಾನೇನು ಟೆಲಿಫೋನಲ್ಲ ಎಂದು ರೇಗಿ ಎದ್ದು ಹೋದರು. ನನಗೆ ಸಿಟ್ಟಿನ ಜೊತೆಗೆ ಸಂಕಟವೂ ಇತ್ತು. ನನ್ನ ಹಳದಿ ನಿಜವಾದರೆ ಅವನ ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ. ಅದು ಸುಳ್ಳಾಗಲಿ ಎಂದು ಬಯಸಲು ಮಾತ್ರ ನನ್ನಿಂದ ಆಗಲೇ ಇಲ್ಲ, ಎಷ್ಟು ಪ್ರಯತ್ನಿಸಿದರೂ.

ಮೇಡಂ ಇಬ್ಬರನ್ನೂ ಕೂರಿಸಿಕೊಂಡರು. ಚಿಟಿಕೆಯಷ್ಟು ಸೈಟೊಕೈನ್ ಇನ್ಸುಲಿನ್ ಹೆಚ್ಚಿಸುತ್ತದೆಂದು ಬೇರೆ ಕಡೆಯವರು ಹಿಂದೆಯೇ ಹೇಳಿದ್ದಾರೆ, ಇಲ್ಲ ಎಂದವರೂ ಅಷ್ಟೇ ಜನ ಇದ್ದಾರೆ, ಹಾಗಾಗಿ ಇಬ್ಬರೂ ತಾನೇ ಸರಿ ಎಂದು ಮೀಸೆ ತಿರುವುವುದು ಬೇಡ ಎಂದರು. ನನಗೆ ಮೀಸೆ ಇಲ್ಲ ಎಂದೆ. ಅವರು ನಗಲಿಲ್ಲ.

“ನಿಮ್ಮಿಬ್ಬರಲ್ಲಿ ಯಾರ್ದೋ ಕೈ ಸುಳ್ಳು ಹೇಳ್ತಿದೆ. ಯಾರ್ದು ಅಂತ ಆಮೇಲೆ ನೋಡೋಣ. ಯಾಕೆ ಅಂತ ಮೊದಲು ಹುಡುಕಿ.”

ಹುಡುಕಿದೆವು. ಸೈಟೊಕೈನಿನ ಸೀಸೆ ಒಂದೇ. ಸಕ್ಕರೆ ನೀರು ಒಂದೇ. ಇಲಿಗಳು ಒಂದೇ ಪಂಜರದವು. ಪ್ಲೇಟು, ಯಂತ್ರ, ಕಾಳುಗಳನ್ನಿಡುವ ಬೆಚ್ಚನೆ ಪೆಟ್ಟಿಗೆ ಎಲ್ಲ ಒಂದೇ. ಕೈಗಳು ಮಾತ್ರ ಎರಡು. ಅವನು ತನ್ನ ಕೈಯನ್ನೇ ನೋಡಿಕೊಳ್ಳುತ್ತ ಕೂತಿದ್ದು ಕಂಡು ನನಗೆ ಅಯ್ಯೋ ಎನಿಸಿತು. ಆದರೂ ಮಾತಾಡಿಸಲಿಲ್ಲ. ಅಷ್ಟು ಬೇಗ ಇಳಿದರೆ ನನ್ನ ಸಿಟ್ಟಿಗೆ ಏನು ಬೆಲೆ?

ಭಾನುವಾರ ಬಂತು. ಮೂವರೂ ಊಟ ಮುಗಿಸಿ ಮೇಜಿನ ಸುತ್ತ ಕೂತಿದ್ದೆವು, ಮೂರು ದಿಕ್ಕಿಗೆ ಮುಖ. ಅತ್ತೆ ಎಂದಿನಂತೆ ಸೇಬಿನ ಬುಟ್ಟಿ ಎಳೆದುಕೊಂಡರು. ಊಟದ ಮೇಲೆ ಎಲ್ಲರಿಗೂ ಒಂದೊಂದು ಹಣ್ಣು ಕೊಡುವುದು ಅವರ ಪದ್ಧತಿ, ಅದನ್ನು ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಅವರ ಕೈ ಬುಟ್ಟಿಯೊಳಗೆ ಆಡಿತು. ದುಂಡಗೆ, ಕೆಂಪಗೆ, ಕಲೆಯಿಲ್ಲದ್ದು ಮೇಲೆ ಬಂತು, ಹತ್ತಿರವೇ ಕೂತ ಮಗನ ತಟ್ಟೆಗೆ ಹೋಯಿತು. ಮತ್ತೆ ಆಡಿತು. ಅದಕ್ಕಿಂತ ಒಂದು ಕೈ ಕಡಿಮೆಯದು ನನ್ನ ತಟ್ಟೆಗೆ. ಉಳಿದದ್ದರಲ್ಲಿ ಒಂದನ್ನು ತಾವು ತೆಗೆದುಕೊಂಡು, ಮೆತ್ತಗಾದ ಅರ್ಧವನ್ನು ಚಾಕುವಿನಲ್ಲಿ ಕೆತ್ತಿ ಬಿಸಾಡಿ, ತನಗೆ ಸಕ್ಕರೆ ಇರುವುದರಿಂದ ಇಷ್ಟೇ ಸಾಕು ಎಂದರು. ಇದನ್ನು ನಾನು ಮದುವೆಯಾದಂದಿನಿಂದ ನೋಡುತ್ತಿದ್ದೇನೆ. ಆ ದಿನ ನನ್ನ ಬಾಯೊಳಗಿನ ತುಂಡು ಹಾಗೇ ನಿಂತಿತು.

ಒಂದು ಬುಟ್ಟಿ. ಆರಿಸುವ ಒಂದು ಕೈ. ಮೊದಲ ತಟ್ಟೆ ಯಾವುದು, ಕೊನೆಯ ತಟ್ಟೆ ಯಾವುದು?

“ಏಯ್, ಏಳು. ಲ್ಯಾಬಿಗೆ ನಡಿ,” ಎಂದೆ.

ಅತ್ತೆ ಚಾಕು ಕೆಳಗಿಟ್ಟು ನನ್ನನ್ನು ನೋಡಿದರು. ‘ಏಯ್’ ಎಂದದ್ದು ಅವರ ಮಗನಿಗೆ. ನಾಲಿಗೆ ಕಚ್ಚಿಕೊಳ್ಳಲೂ ನನಗೆ ಪುರುಸೊತ್ತಿರಲಿಲ್ಲ. ಅವನು ಮಾತು ಬಿಟ್ಟವನು, ಕೂತೇ ಇದ್ದ. ಟೆಲಿಫೋನ್ ಆಗಲಾರೆ ಎಂದಿದ್ದ ಅತ್ತೆಯೇ, ಅವಳು ಅಷ್ಟು ಕರೆಯುವಾಗ ಎದ್ದು ಹೋಗಬಾರದೇ ಎಂದು ಮಗನ ಬೆನ್ನಿಗೊಂದು ತಟ್ಟಿದರು.

ಭಾನುವಾರದ ಲ್ಯಾಬು ಖಾಲಿ ಹೊಡೆಯುತ್ತಿತ್ತು. ಶನಿವಾರ ಮಿಕ್ಕಿದ್ದ ಕಾಳುಗಳ ಬಟ್ಟಲನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ನಮ್ಮ ಸೂಕ್ಷ್ಮದರ್ಶಕಕ್ಕೆ ಎರಡು ಜೊತೆ ಕಣ್ಣುಗಳು, ಕಲಿಸುವವರು ಕಲಿಯುವವರು ಒಟ್ಟಿಗೆ ನೋಡಲೆಂದು. ಯಾವಾಗಲೂ ಮಾಡುವ ಹಾಗೆಯೇ ಆರಿಸು, ಏನೂ ಯೋಚಿಸಬೇಡ ಎಂದು ಹೇಳಿ ನಾನು ಇನ್ನೊಂದು ಜೊತೆಗೆ ಕಣ್ಣಿಟ್ಟೆ.

ಅವನು ಬಲಗೈಯವನು. ಬಟ್ಟಲುಗಳ ಟ್ರೇ ಅವನ ಬಲಕ್ಕೆ. ಟ್ರೇಯಲ್ಲಿ ಎಡದಿಂದ ಬಲಕ್ಕೆ, ಬರವಣಿಗೆಯ ಸಾಲಿನ ಹಾಗೆ, ಸಾದಾ, ಚಿಟಿಕೆ, ಚಮಚ, ಸೌಟು. ಅವನ ಕೈಗೆ ಹತ್ತಿರದ್ದು ಸಾದಾ. ಪಿಪೆಟ್ಟಿನ ಮೊನೆ ಬೆಳಕಿಗೆ ಬಂತು. ಕಾಳುಗಳ ನಡುವೆ ತೇಲಿತು. ಚಿಕ್ಕದೊಂದನ್ನು ಬಿಟ್ಟಿತು, ಅಂಚು ಹರಿದದ್ದನ್ನು ಬಿಟ್ಟಿತು, ದುಂಡಗೆ ತುಂಬಿಕೊಂಡಿದ್ದ ಒಂದನ್ನು ಹೀರಿತು. ಸಾದಾಕ್ಕೆ. ಮತ್ತೆ ಬಂತು, ಮತ್ತೊಂದು ದುಂಡನೆಯದು. ಸಾದಾಕ್ಕೆ. ಸಾದಾ ತುಂಬಿದ ಮೇಲೆ ಚಿಟಿಕೆ. ಸೌಟಿನ ಸರದಿ ಬರುವಷ್ಟರಲ್ಲಿ ಬಟ್ಟಲಿನಲ್ಲಿ ಉಳಿದದ್ದು ಬರೀ ಪುಡಿ, ಹರುಕು, ಕುಂಟು.

ನಾನು ಏನೂ ಹೇಳಬೇಕಾಗಲಿಲ್ಲ. ಅವನ ಕೈ ಗಾಳಿಯಲ್ಲೇ ನಿಂತಿತು.

ಆಮೇಲೆ ನಾನು ಕೂತೆ. ಟ್ರೇಯನ್ನು ನನ್ನ ಎಡಕ್ಕೆ ಎಳೆದುಕೊಂಡೆ, ಎಂದಿನ ಹಾಗೆ. ಈಗ ಕೈಗೆ ಹತ್ತಿರದ್ದು ಸೌಟು. ಚೆಂದದ ಕಾಳುಗಳೆಲ್ಲ ಸೌಟಿಗೆ, ಕೊನೆಯ ಹರುಕುಗಳು ಸಾದಾಕ್ಕೆ. ಪ್ರತಿ ಬಟ್ಟಲಿಗೂ ಇಷ್ಟಿಷ್ಟು ಕಾಳು ಎಂದು ಎಣಿಸಿ ಹಾಕುವುದು ನಮ್ಮ ಲ್ಯಾಬಿನ ರೂಢಿ. ದಪ್ಪದ್ದು ಹೆಚ್ಚು ಇನ್ಸುಲಿನ್ ಬಿಡುತ್ತದೆ, ಪುಡಿ ಕಡಿಮೆ; ಆದರೆ ದಪ್ಪದ್ದಕ್ಕೂ ಒಂದೇ ಎಣಿಕೆ, ಪುಡಿಗೂ ಒಂದೇ ಎಣಿಕೆ. ಬೇಕೆಂದು ಯಾರೂ ಮಾಡಿದ್ದಲ್ಲ. ಕೈ ತಾನಾಗಿ ಚೆಂದದ್ದರ ಕಡೆ ಹೋಗುತ್ತದೆ, ಚೆಂದದ್ದು ತಾನಾಗಿ ಹತ್ತಿರದ ಬಟ್ಟಲಿಗೆ ಬೀಳುತ್ತದೆ. ಕಂಕುಳಲ್ಲಿ ಮಗುವನ್ನಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು ನಮ್ಮ ಕಥೆ.

ಕಂಡುಹಿಡಿದ ಖುಷಿಗೆ ನಾನು ಅವನ ಭುಜ ಹಿಡಿದು ಅಲ್ಲಾಡಿಸಿದೆ. ಅವನು ನಗುತ್ತಿದ್ದ, ಆದರೆ ಮುಖ ಬಿಳುಚಿತ್ತು. ಮರುಕ್ಷಣ ನನಗೂ ತಟ್ಟಿತು. ಅವನ ಗೆರೆ ಇಳಿದದ್ದು ಸೈಟೊಕೈನಿನಿಂದಲೋ ಹರುಕು ಕಾಳುಗಳಿಂದಲೋ? ನನ್ನ ಸೂರ್ಯಕಾಂತಿ ಅರಳಿದ್ದು ಚಿಟಿಕೆಯ ಮಹಿಮೆಯೋ, ಇಲ್ಲ ಪಕ್ಕದ ಸಾದಾ ಬಡಪಾಯಿಗಳ ಬಟ್ಟಲಾಗಿದ್ದಕ್ಕೋ? ಇಬ್ಬರ ಕೈಯಲ್ಲೂ ಏನೂ ಉಳಿಯದೆ ಹೋಗಬಹುದಿತ್ತು.

ಸೋಮವಾರ ಮೇಡಂ ನಮ್ಮ ಮಾತು ಕೇಳಿ ತಲೆ ಮೇಲೆ ಕೈಹೊತ್ತು ಕೂತರು. ಆ ರೂಢಿ ಹಾಕಿಕೊಟ್ಟವರು ಅವರೇ. ಆಮೇಲೆ ಎದ್ದು ನಿಂತು, ಹೊಸ ಆಟ ಸಿಕ್ಕ ಮಗುವಿನ ಹಾಗೆ ಕೈ ಉಜ್ಜಿಕೊಳ್ಳುತ್ತ ನಿಯಮ ಹೇಳಿದರು. ಕಾಳುಗಳನ್ನು ಒಂದೊಂದಾಗಿ ನಾಲ್ಕು ಬಟ್ಟಲಿಗೂ ಸರದಿಯಂತೆ ಹಾಕಬೇಕು, ಒಂದು ಸುತ್ತು ಮುಗಿಯದೆ ಇನ್ನೊಂದಿಲ್ಲ. ಆರಿಸುವಾಗ ಬಟ್ಟಲುಗಳಲ್ಲಿ ಸೈಟೊಕೈನೇ ಇರಕೂಡದು. ಆರಿಸಿದವರು ಹೊರಗೆ ಹೋದ ಮೇಲೆ ಮೇಡಂ ಒಬ್ಬರೇ ಬಟ್ಟಲುಗಳನ್ನು ಕಲೆಸಿ, ಸೈಟೊಕೈನ್ ಹಾಕಿ, ಯಾವುದು ಏನೆಂದು ತಳದಲ್ಲಿ ಬರೆದು, ಅದರ ಮೇಲೆ ಕರಿ ಟೇಪು ಅಂಟಿಸುತ್ತಾರೆ. ಹೊರಗೆ ಕಾಣುವುದು ಕ, ಗ, ಚ, ಜ ಎಂಬ ಅಕ್ಷರ ಮಾತ್ರ. ಹೀಗೆ ಮೂರು ಸಲ. ಮೂರೂ ಮುಗಿಯುವ ತನಕ ಒಂದು ಟೇಪನ್ನೂ ಕೀಳುವಂತಿಲ್ಲ.

ಯಾರು ಆರಿಸುವುದು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಗಡಿಯಾರ ಮುಂದೆ ಬಂದ.

“ನಾನೇ ಆರಿಸ್ತೀನಿ ಮೇಡಂ. ಸುಳ್ಳಾಗೋದಾದ್ರೆ ನನ್ನ ಕೈಯಲ್ಲೇ ಆಗ್ಲಿ.”

ಆ ಮಾತಿಗೆ ನನ್ನ ಸಿಟ್ಟೆಲ್ಲ ಕರಗಿ ನೀರಾಯಿತು. ಇವನನ್ನು ಕಟ್ಟಿಕೊಂಡದ್ದಕ್ಕೆ ಹೆಮ್ಮೆಯಾಯಿತು, ಅದನ್ನು ಅವನಿಗೆ ಹೇಳಿಯೂ ಬಿಟ್ಟೆ, ಮೇಡಂ ಎದುರಿಗೇ. ಮೇಡಂ ಕಿಟಕಿಯ ಕಡೆ ತಿರುಗಿ ಸೈಕಲ್ಲುಗಳನ್ನು ನೋಡಿದರು.

ಆ ವಾರಗಳಷ್ಟು ಸೊಗಸಾದ ವಾರಗಳು ನನಗೆ ನೆನಪಿಲ್ಲ. ಇಬ್ಬರೂ ಮುಂಜಾನೆ ಬಸ್ಸಿನಲ್ಲಿ ಪಕ್ಕಪಕ್ಕ ಕೂತು ಬಾಜಿ ಕಟ್ಟುತ್ತಿದ್ದೆವು. ಅವನು ಇಳಿಜಾರಿನ ಕಡೆ, ನಾನು ಸೂರ್ಯಕಾಂತಿಯ ಕಡೆ. ಅವನು ಸೋತರೆ ಒಂದು ತಿಂಗಳು ಪಾತ್ರೆ ತೊಳೆಯಬೇಕು, ನಾನು ಸೋತರೆ ಒಂದು ತಿಂಗಳು ಮೇಜು ಗುದ್ದಬಾರದು. ಅತ್ತೆ ಎರಡನೆಯ ಷರತ್ತಿನ ಪರ ನಿಂತರು. ಮೊದಲ ಪ್ಲೇಟು ಹಳದಿಯಾಯಿತು: ‘ಚ’ ಎಲ್ಲಕ್ಕಿಂತ ಗಾಢ. ‘ಚ’ ಎಂದರೆ ಏನು? ಸಾದಾ ಇರಬಹುದು, ಆಗ ಅವನು ಗೆದ್ದ. ಚಿಟಿಕೆ ಇರಬಹುದು, ಆಗ ನಾನು. ಬಟ್ಟಲುಗಳು ತಣ್ಣನೆ ಪೆಟ್ಟಿಗೆಯೊಳಗೆ ಬುಡಕ್ಕೆ ಟೇಪು ಬಿಗಿದುಕೊಂಡು ಕೂತಿದ್ದವು. ನನ್ನ ಉಗುರು ಎರಡು ಸಲ ಆ ಟೇಪಿನ ಅಂಚಿನ ತನಕ ಹೋಗಿ ವಾಪಸ್ಸು ಬಂತು. ಎರಡನೆಯ ಪ್ಲೇಟಿನಲ್ಲಿ ‘ಕ’ ಗಾಢ. ಮೂರನೆಯದರಲ್ಲಿ ‘ಜ’.

ಟೇಪು ಕೀಳುವ ಬೆಳಿಗ್ಗೆ ಬಂತು. ಹನ್ನೆರಡು ಬಟ್ಟಲುಗಳನ್ನು ಮೇಡಂ ಬಿಳಿ ಕಾಗದದ ಮೇಲೆ ಮೂರು ಸಾಲಾಗಿ ಜೋಡಿಸಿದರು. ಗಡಿಯಾರ ಮೊದಲು ತೀರಾ ತಿಳಿ ಹಳದಿ ಬಂದ ಮೂರು ಬಟ್ಟಲುಗಳನ್ನು ಎತ್ತಿಕೊಂಡ. ಟೇಪು ಕಿತ್ತ. ಸೌಟು. ಸೌಟು. ಸೌಟು. ಕೂಗು ಜೋರಾದರೆ ಕಾಳು ಕುಗ್ಗುತ್ತದೆ, ಅಷ್ಟು ಮಟ್ಟಿಗೆ ಅವನ ಮಾತು ಸತ್ಯ. ಅಮ್ಮನ ಜ್ವರಕ್ಕೆ ಅದು ಒಂದು ಪಾಲಿನ ಉತ್ತರವಾದರೂ ಆಗಬಹುದು.

ಇನ್ನು ಗಾಢವಾದ ಮೂರು. ಮೊದಲ ಸಾಲಿನ ‘ಚ’ ಎತ್ತಿದ. ಟೇಪಿನ ಅಂಟು ಗಟ್ಟಿಯಾಗಿತ್ತು. ಅವನ ಉಗುರು ಜಾರಿತು. ನಾನು ಸಹಾಯಕ್ಕೆ ಕೈ ಚಾಚಿದರೆ ಮೇಡಂ ತಡೆದರು. ಟೇಪು ಬಂತು.

ಚಿಟಿಕೆ.

ಎರಡನೇ ಸಾಲಿನ ‘ಕ’. ಚಿಟಿಕೆ. ಮೂರನೇ ಸಾಲಿನ ‘ಜ’ದ ಟೇಪನ್ನು ಅವನು ಒಂದೇ ಎಳೆತಕ್ಕೆ ಕಿತ್ತ.

ಚಿಟಿಕೆ.

“ನನ್ನ ಕೈಯಲ್ಲೇ ಬಂತು ಕಣೇ,” ಎಂದ.

ಸೋತವನ ದನಿಯಾಗಿರಲಿಲ್ಲ ಅದು. ಅವನು ನನ್ನನ್ನು ಸೊಂಟ ಹಿಡಿದು ಎತ್ತಿ ನೆಲಕ್ಕಿಳಿಸಿದ, ಮೇಡಂ ಎದುರಿಗೇ. ಆಮೇಲೆ ಬಾಗಿಲು ದಡಾರನೆ ತೆಗೆದು ಕಾರಿಡಾರಿನಲ್ಲಿ ಓಡಿದ. ಗಡಿಯಾರ ಓಡುವುದನ್ನು ಆ ಕಟ್ಟಡದಲ್ಲಿ ಯಾರೂ ಕಂಡಿರಲಿಲ್ಲ. ಪಕ್ಕದ ಲ್ಯಾಬಿನವರು ಬೆಂಕಿ ಬಿತ್ತೇನೋ ಎಂದು ಹೊರಗೆ ಬಂದರು. ಅವರಿಗೆಲ್ಲ ಅವನು ಏದುಸಿರಲ್ಲೇ ವಿವರಿಸಿದ: ಮೆಲ್ಲಗೆ ಕರೆದರೆ ಕಾಳು ಚುರುಕಾಗುತ್ತದೆ, ಕಿರುಚಿದರೆ ಕಂಗೆಡುತ್ತದೆ, ನಡುವೆ ಎಲ್ಲೋ ಗೆರೆ ತಿರುಗುತ್ತದೆ, ಆ ತಿರುವು ಎಲ್ಲಿ ಎಂದು ಇನ್ನು ಹುಡುಕಬೇಕು. ಅತಿಯಾದರೆ ಅಮೃತವೂ ವಿಷ ಎಂದು ಗಾದೆ ಕಟ್ಟಿದವರಿಗೆ ಸೂಕ್ಷ್ಮದರ್ಶಕ ಬೇಕಾಗಿರಲಿಲ್ಲ ನೋಡಿ ಎಂದು ಯಾರೋ ತಮಾಷೆ ಮಾಡಿದರು. ಹಾಗಾದರೆ ಇನ್ಮೇಲೆ ವಿಷವೂ ಸ್ವಲ್ಪವಾದರೆ ಅಮೃತವೇ ಎಂದೂ ಕೇಳಬೇಕಲ್ಲ ಎಂದ ಅವನು. ಓಡುತ್ತ ಹೋದವನು ನಿಂತದ್ದು ಆ ಖಾಲಿ ಕೋಣೆಯ ಬಾಗಿಲ ಮುಂದೆ.

ನಾನು ಹಿಂದೆಯೇ ಹೋದೆ. ಇಬ್ಬರಿಗೂ ಗೊತ್ತಿತ್ತು. ಪ್ರಬಂಧವನ್ನು ವಾಪಸ್ಸು ತರಿಸಿಕೊಳ್ಳಬೇಕು, ಹಳೆಯ ಪ್ರಯೋಗಗಳನ್ನೆಲ್ಲ ಹೊಸ ನಿಯಮದಂತೆ ಮಾಡಬೇಕು, ಮತ್ತೆ ಬರೆಯಬೇಕು. ಅಷ್ಟರಲ್ಲಿ ಸಮಿತಿಯ ಸಭೆ ಮುಗಿದಿರುತ್ತದೆ. ಮೇಡಂ ಸಮಿತಿಗೆ ಫೋನು ಮಾಡಿ ನೋಡಿದರು. ಯಾರಿಗೂ ಕಾಯುವ ಪದ್ಧತಿ ಇಲ್ಲವಂತೆ. ಮುಂದಿನ ತಿಂಗಳು ಆ ಕೋಣೆ ಬೇರೆಯವರಿಗೆ ಹೋಯಿತು, ಅವರು ಕಿಟಕಿಗೆ ಪರದೆ ಹಾಕಿಸಿದರು. ನನಗೆ ಮಾತ್ರ ಟೇಪು ಕಿತ್ತ ದಿನವೇ, ಆ ಬಾಗಿಲ ಮುಂದೆ ನಿಂತಾಗಲೇ ಅಳು ಬಂತು. ಅವನು ಬಾಗಿಲಿನ ಗಾಜಿನೊಳಗೆ ಒಮ್ಮೆ ಇಣುಕಿ, ಹೇಗೂ ಸಿಂಕು ಸೋರುತ್ತಿತ್ತು ಎಂದ. ಅದು ಸೋರುತ್ತಿರಲಿಲ್ಲ.

ಟೇಪು ಕಿತ್ತ ಆ ದಿನದ ಸಂಜೆ ಊಟದ ಮೇಜಿನಲ್ಲಿ ನಾವಿಬ್ಬರೂ ಒಬ್ಬರ ಮಾತಿಗೆ ಒಬ್ಬರು ಅಡ್ಡ ಬಂದು ಅತ್ತೆಗೆ ಎಲ್ಲವನ್ನೂ ಹೇಳಿದೆವು. ಗಡಿಬಿಡಿಯಲ್ಲಿ ನಾನು ಅವನಿಗೆ ‘ನೀನು ಸುಮ್ನಿರು’ ಎಂದೆ, ಅತ್ತೆ ಕೇಳದವರ ಹಾಗೆ ಇದ್ದರು. ಕೋಣೆ ಕೈತಪ್ಪುತ್ತದೆಂದು ಕೇಳಿ ಅವರ ಮುಖ ಸಣ್ಣದಾಯಿತು. ಆಮೇಲೆ ಮಗನ ಮುಖ ನೋಡಿದರು. ಅದು ಸಣ್ಣದಾಗಿರಲಿಲ್ಲ. ಅದನ್ನು ಕಂಡು ತಾವೂ ನಕ್ಕು, ಸೇಬಿನ ಬುಟ್ಟಿಗೆ ಕೈ ಹಾಕಿದರು.

ಅವನು ಆ ಕೈ ಹಿಡಿದುಕೊಂಡ. ಬುಟ್ಟಿಯನ್ನು ತನ್ನ ಕಡೆ ಎಳೆದು, ಮೇಲೆ ಟವೆಲ್ ಮುಚ್ಚಿ, ಕಣ್ಣು ಮುಚ್ಚಿಕೊಂಡು ಒಳಗೆ ಕೈಯಾಡಿಸಿದ. ಮೊದಲು ಸಿಕ್ಕಿದ್ದು ಅಮ್ಮನ ತಟ್ಟೆಗೆ, ಎರಡನೆಯದು ನನಗೆ, ಮೂರನೆಯದು ತನಗೆ. ಟವೆಲ್ ತೆಗೆದು ನೋಡಿದರೆ ಅತ್ತೆಯ ತಟ್ಟೆಯಲ್ಲಿ ಕಲೆಯಿಲ್ಲದ ಕೆಂಪು ಸೇಬು ಕೂತಿತ್ತು. ಇದು ನಿನಗಿರಲಿ ಎಂದು ಅವರು ಮಗನ ಕಡೆ ತಳ್ಳಿದರು. ನಿಯಮ ಎಂದರೆ ನಿಯಮ ಎಂದು ನಾನು ವಾಪಸ್ಸು ತಳ್ಳಿದೆ.

ಅವನ ಪಾಲಿಗೆ ಬಂದದ್ದಕ್ಕೆ ಒಂದು ಮಗ್ಗುಲು ಕಂದಾಗಿತ್ತು. ಕೆತ್ತಲಿಲ್ಲ, ಹಾಗೇ ಕಚ್ಚಿದ. ಅಗಿಯುತ್ತ ಅಗಿಯುತ್ತ ನಿಧಾನವಾದ. ಗಡಿಯಾರ ನಿಂತೇ ಹೋಯಿತೇನೋ ಎನ್ನುವ ಹಾಗೆ ಅಮ್ಮನನ್ನು ನೋಡಿದ.

“ಅಮ್ಮ, ಇಷ್ಟು ವರ್ಷ ನೀನು ಇದನ್ನೇ ತಿಂತಿದ್ದೆಯಾ?”

ಅತ್ತೆ ತಮ್ಮ ಸೇಬನ್ನು ಎರಡು ಹೋಳು ಮಾಡಿ, ಅರ್ಧ ನಾಳೆಗೆ ಎಂದು ಎತ್ತಿಟ್ಟು, ಉಳಿದರ್ಧವನ್ನು ಕಚ್ಚಿದರು. ಬಾಯಿ ತುಂಬ ರಸ ಇದ್ದುದರಿಂದ ಉತ್ತರ ಹೇಳಲು ಸ್ವಲ್ಪ ಹೊತ್ತು ಹಿಡಿಯಿತು.

“ಯಾಕೋ, ಹುಳಿ ಇದೆಯ?” ಎಂದು ಕೇಳಿದರು.